ಓದಿದ್ದನ್ನು ಯಾರೂ ಕೇಳದ ಜಾಗ

(ಆಪ್ತ ಸಲಹೆಗೆ ನನ್ನ ಬಳಿ ಬಂದ ಕುಟುಂಬವೊಂದರ ಕಥೆ ಇದು. ಅವರ ಗುರುತು ಸಿಗದಂತೆ ವಯಸ್ಸು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ.)

"ಪುಸ್ತಕ ಕೈಗೆ ಕೊಟ್ರ ಹೊಟ್ಟಿ ನೋಯ್ತದ ಅಂತಾನ್ರೀ ಮೇಡಂ. ದವಾಖಾನಿಗೂ ತೋರ್ಸೀವಿ, ಏನೂ ಇಲ್ಲ ಅಂದಾರ." ತಾಯಿ ಇಷ್ಟು ಹೇಳಿ ಮಗನ ಕಡೆ ನೋಡಿದರು. ಹುಡುಗ ಐದನೇ ತರಗತಿ. ಆಳಂದದ ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದವನನ್ನು ಕಲಬುರಗಿಗೆ ಕರೆತಂದು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದರು. ತಂದೆ ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಮನೆಗೆ ಬಂದು ಕೈಕಾಲು ತೊಳೆದವರೇ ಕೇಳುವುದು ಒಂದೇ ಮಾತು: "ಇವತ್ತ ಎಷ್ಟ್ ಪೇಜ್ ಓದ್ದಿ? ಏನ್ ತಿಳೀತು, ಹೇಳು."

ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಹಳ್ಳಿಯ ಸುದ್ದಿ ತೆಗೆದೆ. ಹೊಲ, ಗೆಳೆಯರು ಎಲ್ಲ ಮುಗಿದ ಮೇಲೆ ಪಂಚಾಯಿತಿ ಗ್ರಂಥಾಲಯದ ಮಾತು ಅವನಿಂದಲೇ ಬಂತು. ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಚಿತ್ರದ ಪುಸ್ತಕ ನೋಡುತ್ತಿದ್ದನಂತೆ, ಒಮ್ಮೊಮ್ಮೆ ಚೆಸ್. "ಅಲ್ಲಿ ಓದಿದ್ದು ಯಾರೂ ಕೇಳ್ತಿದ್ದಿಲ್ರಿ" ಎಂದ. ನನಗೆ ಬೇಕಾದದ್ದು ಸಿಕ್ಕಿತು. ಇವನಿಗೆ ಪುಸ್ತಕದ ಮೇಲೆ ಸಿಟ್ಟಿಲ್ಲ. ಪುಸ್ತಕ ಮುಚ್ಚಿದ ಕೂಡಲೇ ಬರುವ ಪ್ರಶ್ನೆಯ ಭಯ ಇದೆ.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ತಂದೆಗೆ. ಪಠ್ಯದ ಬಗ್ಗೆ ಕೇಳುವುದಿದ್ದರೆ ಕೇಳಿ, ಆದರೆ ಪಠ್ಯದ ಹೊರಗೆ ಓದಿದ್ದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬಾರದು. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಎರಡನೆಯದು ತಾಯಿಗೆ: ವಾರಕ್ಕೊಮ್ಮೆ, ಗೊತ್ತಾದ ಒಂದೇ ದಿನ, ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ಯಿರಿ. ಸೋಮವಾರ ಸಾಮಾನ್ಯವಾಗಿ ರಜೆ, ಬೇರೆ ದಿನ ಇಟ್ಟುಕೊಳ್ಳಿ.

ತಾಯಿ ಹಿಂಜರಿದರು. "ನಾ ಏಳನೇತ್ತ ತನಕ ಓದೀನ್ರಿ. ನಮ್ಮಂಥೋರಿಗೆ ಒಳಗ ಬಿಡ್ತಾರೇನು?" ಈ ಸಂಕೋಚವನ್ನು ನಾನು ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಮತ್ತೆಮತ್ತೆ ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟವಾಗುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ನೀವು ಕೊಡುವ ಬಾಡಿಗೆಯಿಂದಲೇ ಮನೆ ಮಾಲೀಕರು ಆ ಕರ ಕಟ್ಟುತ್ತಾರೆ, ಅಂದರೆ ಅಲ್ಲಿರುವ ಪುಸ್ತಕಗಳಿಗೆ ನಿಮ್ಮ ಹಣವೂ ಸೇರಿದೆ ಎಂದು ತಿಳಿಸಿದೆ. ಒಳಗೆ ಕೂತು ಓದಲು ಕಾಸು ಕೊಡಬೇಕಾಗಿಲ್ಲ. ಮನೆಗೆ ಒಯ್ಯಲು ಮಾತ್ರ ವಿಳಾಸದ ದಾಖಲೆ, ಸ್ವಲ್ಪ ಠೇವಣಿ ಕೇಳುತ್ತಾರೆ.

ಆದರೂ ಮೊದಲ ಸಲ ಅವರು ಬಾಗಿಲಿನಿಂದಲೇ ವಾಪಸ್ ಬಂದರು. ಒಳಗೆ ಕುರ್ಚಿ ತುಂಬ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು, ಪೇಪರ್ ಹಿಡಿದ ಹಿರಿಯರು. ಮಕ್ಕಳ ಸುಳಿವೇ ಇರಲಿಲ್ಲ. ಆ ಹುಡುಗರನ್ನು ದೂರುವಂತಿಲ್ಲ, ಮನೆಯಲ್ಲಿ ಓದಲು ಜಾಗವಿಲ್ಲದೆ ಅಲ್ಲಿ ಬರುತ್ತಾರೆ. ನಾನು ಹೇಳಿದ್ದು ಇಷ್ಟೇ: ಒಳಗೆ ಹೋದವರೇ ಸಿಬ್ಬಂದಿಯನ್ನು "ಮಕ್ಕಳ ಪುಸ್ತಕ ಯಾವ ಕಪಾಟಿನಲ್ಲಿವೆ?" ಎಂದು ಕೇಳಿ. ಪ್ರತ್ಯೇಕ ಕೋಣೆ ಇಲ್ಲದಿದ್ದರೂ ಕಪಾಟು ಇರುತ್ತದೆ. ಗದ್ದಲ ಕಡಿಮೆ ಇರುವ ಹೊತ್ತು ಯಾವುದು ಎಂದೂ ಅವರನ್ನೇ ಕೇಳಿಕೊಳ್ಳಿ.

ಮುಂದಿನ ವಾರ ಹುಡುಗ ತಂದದ್ದು ಹಕ್ಕಿಗಳ ಚಿತ್ರದ ತೆಳು ಪುಸ್ತಕ, ಪುಟಕ್ಕೆ ಎರಡು ಸಾಲು. ತಂದೆಗೆ ಸಿಟ್ಟು ಬಂತು. "ಇದು ಎಲ್‌ಕೆಜಿ ಹುಡುಗೋರ್ದು. ಇದ್ರಿಂದ ಮಾರ್ಕ್ಸ್ ಬರ್ತಾವೇನ್ರಿ?" ನಮ್ಮ ದೇಶದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿಟ್ಟಿದ್ದಾರೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂದು. ಈ ಹುಡುಗನ ಪುಸ್ತಕ ಈಗ ಇದೇ. ಎರಡು ಸಾಲನ್ನು ಹೊಟ್ಟೆ ನೋಯಿಸಿಕೊಳ್ಳದೆ ಓದಿದವನು ಮುಂದೆ ಎರಡು ಪುಟ ಓದುತ್ತಾನೆ. ಇದನ್ನು ಕಿತ್ತುಕೊಂಡರೆ ಅದೂ ಇಲ್ಲ. ತಂದೆ ಒಪ್ಪಿದರು ಎನ್ನಲಾರೆ. ಸುಮ್ಮನಾದರು, ಸದ್ಯಕ್ಕೆ ಅಷ್ಟು ಸಾಕಿತ್ತು.

ತಾಯಿಗೆ ಇನ್ನೊಂದು ಮಾತು ಹೇಳಿದ್ದೆ: ಅವನ ಪಕ್ಕ ಸುಮ್ಮನೆ ಕೂರಬೇಡಿ, ನಿಮಗೆ ಬೇಕಾದದ್ದು ತೆಗೆದು ನೀವೂ ಓದಿ. ಅವರು ಅಡುಗೆಯ ಪುಸ್ತಕ ಹಿಡಿದು ಬೆರಳಿಟ್ಟು ಅಕ್ಷರ ಕೂಡಿಸಿ ಓದುವಾಗ "ಸಂಸ್ಕರಿಸಿದ" ಎಂಬಲ್ಲಿ ನಿಂತರಂತೆ. ಮಗ ಬಾಗಿ ನೋಡಿ, ತಾನೂ ತಡವರಿಸಿ, ಇಬ್ಬರೂ ಸೇರಿ ಅದನ್ನು ಬಿಡಿಸಿದರಂತೆ. ಇದನ್ನು ಹೇಳುವಾಗ ಆ ತಾಯಿಯ ದನಿಯಲ್ಲಿ ಅಳುಕಿರಲಿಲ್ಲ.

ಬೇಸಿಗೆ ರಜೆಗೆ ಅವರು ಊರಿಗೆ ಹೋಗುತ್ತಾರೆ. ಅಲ್ಲಿಯೂ ಬಿಡಬಾರದು. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತವೆ. ಅವನ ಹಳೆಯ ಗೆಳೆಯರನ್ನೂ ಜೊತೆಗೆ ಕರೆದೊಯ್ಯಲಿ.

ಹೊಟ್ಟೆನೋವಿನ ದೂರು ಈಗ ಅಪರೂಪ. ಒತ್ತಕ್ಷರದ ತೊಡಕು ಮಾತ್ರ ಉಳಿದಿದೆ. ಕಣ್ಣಿನ ಪರೀಕ್ಷೆಯಲ್ಲಿ ದೋಷ ಕಂಡಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕಾಗುವ ಸ್ಥಿತಿ, ಇದ್ದರೂ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಅದೂ ಒಂದು, ಪತ್ತೆಯಾದರೆ ಶಾಲೆಯಲ್ಲಿ ಅವನಿಗೆ ನೆರವು ಕೇಳಬಹುದು. ಅದಕ್ಕಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ತಪಾಸಣೆ ಮಾಡಿಸಲು ಹೇಳಿದ್ದೇನೆ. ಫಲಿತಾಂಶ ಏನೇ ಬರಲಿ, ವಾರದ ಗ್ರಂಥಾಲಯದ ದಿನವನ್ನು ಟ್ಯೂಷನ್‌ಗೆ ಬಿಟ್ಟುಕೊಡಬೇಡಿ ಎಂದು ತಂದೆಗೂ ಹೇಳಿ ಕಳಿಸಿದೆ.