ಸ್ಮಿದರ್ಸ್ ಮೈಬಣ್ಣ ಒಂದೇ ವಾರದಲ್ಲಿ ಬದಲಾದದ್ದು ಯಾಕೆ?

ಪ್ರಶ್ನೆ: ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿಯನ್ನು ಮೊದಲ ಕಂತಿನಿಂದ ನೋಡುತ್ತಿದ್ದೇನೆ. ಮೂರನೇ ಕಂತಿನಲ್ಲಿ ಅಣುವಿದ್ಯುತ್ ಸ್ಥಾವರದ ಮಾಲೀಕ ಬರ್ನ್ಸ್‌ನ ಸಹಾಯಕ ಸ್ಮಿದರ್ಸ್‌ಗೆ ಕಪ್ಪು ಮೈಬಣ್ಣ, ನೀಲಿ ಕೂದಲು. ಮುಂದಿನ ಕಂತಿನಲ್ಲಿ ಅವನೂ ಎಲ್ಲರಂತೆ ಹಳದಿ. ಇಬ್ಬರೂ ಬೇರೆ ಬೇರೆ ಪಾತ್ರಗಳೇ?

ಉತ್ತರ: ಪಾತ್ರ ಒಂದೇ, ತಪ್ಪಾದದ್ದು ಬಣ್ಣ. ನೀವು ನೋಡಿದ್ದು 1990ರ ಜನವರಿ 21ರಂದು ಪ್ರಸಾರವಾದ ‘ಹೋಮರ್ಸ್ ಒಡಿಸ್ಸಿ’. ಸ್ಮಿದರ್ಸ್‌ನ ಮುಖ ತೆರೆಯ ಮೇಲೆ ಕಂಡದ್ದು ಅದೇ ಮೊದಲು. ಅದಕ್ಕೂ ಹಿಂದೆ, ಕ್ರಿಸ್‌ಮಸ್ ಕಂತಿನಲ್ಲಿ, ಸ್ಥಾವರದ ಧ್ವನಿವರ್ಧಕದಲ್ಲಿ ಅವನ ದನಿ ಮಾತ್ರ ಕೇಳಿಸಿತ್ತು. ಅವನು ಹಳದಿ ಬಣ್ಣದವನೇ ಆಗಿರಬೇಕೆಂಬ ಉದ್ದೇಶ ಮೊದಲಿನಿಂದಲೂ ಇತ್ತು ಎಂದು ನಿರ್ದೇಶಕ ಡೇವಿಡ್ ಸಿಲ್ವರ್‌ಮನ್ ಆಮೇಲೆ ಹೇಳಿದ್ದಾರೆ.

ತಪ್ಪು ಕಂಡ ಮೇಲೂ ತಿದ್ದಲಿಲ್ಲವೇಕೆ ಎಂಬುದು ನಿಜವಾದ ಪ್ರಶ್ನೆ. ಅದಕ್ಕೆ ಆ ಕಾಲದ ಕೆಲಸದ ರೀತಿ ಗೊತ್ತಿರಬೇಕು. ಆಗ ಈ ಸರಣಿಗೆ ಕಂಪ್ಯೂಟರ್ ಬಣ್ಣವಿರಲಿಲ್ಲ. ಸೆಲ್ ಎನ್ನುವ ಪಾರದರ್ಶಕ ಹಾಳೆಯ ಮುಂಭಾಗಕ್ಕೆ ರೇಖೆ ಇಳಿಸಿ, ಹಿಂಭಾಗಕ್ಕೆ ಕೈಯಿಂದ ಬಣ್ಣ ಹಚ್ಚಿ, ಒಂದೊಂದನ್ನೂ ಹಿನ್ನೆಲೆ ಚಿತ್ರದ ಮೇಲಿಟ್ಟು ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದರು. ಸೆಕೆಂಡಿಗೆ 24 ಫ್ರೇಮ್. ಸಾಮಾನ್ಯವಾಗಿ ಒಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ 12 ಚಿತ್ರ. 22 ನಿಮಿಷದ ಕಂತಿಗೆ ಗುಣಿಸಿ ನೋಡಿ, 15,000 ದಾಟುತ್ತದೆ. ಕಥೆ, ಧ್ವನಿಮುದ್ರಣ, ಸ್ಟೋರಿಬೋರ್ಡ್, ಮುಖ್ಯ ಭಂಗಿಗಳು ಅಮೆರಿಕದಲ್ಲಿ. ನಡುವಿನ ಚಿತ್ರಗಳು, ಬಣ್ಣ, ಚಿತ್ರೀಕರಣ ದಕ್ಷಿಣ ಕೊರಿಯಾದಲ್ಲಿ. ಬಣ್ಣ ಹಚ್ಚುವವರ ಮುಂದಿರುವುದು ಯಾವ ಭಾಗಕ್ಕೆ ಯಾವ ಬಣ್ಣ ಎಂಬ ಪಟ್ಟಿ ಮಾತ್ರ. ಪಟ್ಟಿಯಲ್ಲೇ ತಪ್ಪು ನುಸುಳಿದರೆ ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿರುತ್ತಾರೆ. ಸ್ಮಿದರ್ಸ್ ಇದ್ದ ಅಷ್ಟೂ ಸೆಲ್‌ಗಳಿಗೆ ಮತ್ತೆ ಬಣ್ಣ ಹಚ್ಚಿ ಮತ್ತೆ ಚಿತ್ರೀಕರಿಸಲು ಸಮಯವೂ ಇರಲಿಲ್ಲ, ಹಣವೂ ಇರಲಿಲ್ಲ. ಹಾಗಾಗಿ ಕಂತು ಇದ್ದಂತೆಯೇ ಪ್ರಸಾರವಾಯಿತು.

ಹೋಮರ್‌ನ ಕುಡುಕ ಗೆಳೆಯ ಬಾರ್ನಿಯ ಕೂದಲನ್ನೂ ಗಮನಿಸಿ. ಮೊದಲ ಸೀಸನ್‌ನಲ್ಲಿ ಅದು ಹಳದಿ, ಆಮೇಲೆ ಕಂದು. ಇದು ಕೈತಪ್ಪಲ್ಲ, ಬೇಕೆಂದೇ ಮಾಡಿದ ಬದಲಾವಣೆ. ಚರ್ಮ ಮತ್ತು ಕೂದಲು ಒಂದೇ ಬಣ್ಣದಲ್ಲಿರುವುದು ಸಿಂಪ್ಸನ್ ಮನೆಯವರ ಗುರುತಾಗಿಯೇ ಉಳಿಯಲಿ ಎಂದು ತಂಡ ತೀರ್ಮಾನಿಸಿತು.

ಪ್ರಶ್ನೆ: ಅದೇ ನಾಲ್ಕನೇ ಕಂತಿನಲ್ಲಿ ಅಮ್ಮ ಮಾರ್ಜ್ ಕುಡಿದು ತೂರಾಡುತ್ತಾಳೆ, ಮಗಳು ಲೀಸಾ ತುಂಟಾಟವಾಡುತ್ತಾಳೆ, ಅಪ್ಪ ಹೋಮರ್‌ಗೆ ಮನೆಯವರ ನಡತೆ ಕಂಡು ನಾಚಿಕೆ. ಬರೆದವರಿಗೆ ಪಾತ್ರಗಳೇ ಗೊತ್ತಿರಲಿಲ್ಲವೇ?

ಉತ್ತರ: ಪಾತ್ರಗಳು ಆಗಿನ್ನೂ ಹದಕ್ಕೆ ಬರುತ್ತಿದ್ದವು. ಈ ಕುಟುಂಬ ಹುಟ್ಟಿದ್ದು 1987ರಲ್ಲಿ, ಟ್ರೇಸಿ ಉಲ್‌ಮನ್ ಅವರ ಟಿವಿ ಕಾರ್ಯಕ್ರಮದ ನಡುವೆ ಬರುತ್ತಿದ್ದ ಪುಟ್ಟ ಪುಟ್ಟ ತುಣುಕುಗಳಲ್ಲಿ. ಅಲ್ಲಿ ಲೀಸಾ ಇನ್ನೂ ಅಣ್ಣ ಬಾರ್ಟ್‌ನಷ್ಟೇ ತುಂಟಿ. ಆ ಗುಣವೇ ಆರಂಭದ ಕಂತುಗಳಿಗೂ ಹರಿದು ಬಂದಿದೆ.

ಇನ್ನೊಂದು ಕಾರಣವಿದೆ. ಇಂಥ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ನೋಡುವುದು ಅದನ್ನೇ. ಪ್ರಸಾರದ ಕ್ರಮವೇ ಬೇರೆ, ತಯಾರಾದ ಕ್ರಮವೇ ಬೇರೆ. ಪ್ರತಿ ಕಂತಿಗೂ ಒಂದು ನಿರ್ಮಾಣ ಸಂಖ್ಯೆ ಇರುತ್ತದೆ. 1989ರ ಡಿಸೆಂಬರ್ 17ರಂದು ಮೊದಲು ಪ್ರಸಾರವಾದ ಕ್ರಿಸ್‌ಮಸ್ ಕಂತಿನ ಸಂಖ್ಯೆ 7ಜಿ08, ಅಂದರೆ ಎಂಟನೆಯದು. 7ಜಿ01 ಸಂಖ್ಯೆಯ ‘ಸಮ್ ಎನ್‌ಚಾಂಟೆಡ್ ಈವ್ನಿಂಗ್’ ಮೊದಲು ಬರಬೇಕಿತ್ತು. ಅದು ಕೊರಿಯಾದಿಂದ ಮರಳಿ ಬಂದಾಗ ಎಷ್ಟು ಕೆಟ್ಟಿತ್ತೆಂದರೆ ನೂರಕ್ಕೆ ಸುಮಾರು 70 ಪಾಲು ಮತ್ತೆ ಮಾಡಬೇಕಾಯಿತು. ಸರಣಿಯ ಆರಂಭವೇ ಡಿಸೆಂಬರ್‌ಗೆ ಮುಂದಕ್ಕೆ ಹೋಯಿತು. ಆ ಕಂತು 1990ರ ಮೇ 13ರಂದು ಸೀಸನ್‌ನ ಕೊನೆಯಲ್ಲಿ ಪ್ರಸಾರವಾಯಿತು. ನಿಮಗೆ ಹಿಂದೆ ಮುಂದೆ ಅನ್ನಿಸಿದ ಕಂತುಗಳನ್ನು ನಿರ್ಮಾಣ ಸಂಖ್ಯೆಯ ಪ್ರಕಾರ ಜೋಡಿಸಿ ಇನ್ನೊಮ್ಮೆ ನೋಡಿ. ಗೆರೆ ಹೇಗೆ ಬಿಗಿಯಾಗುತ್ತಾ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಸೀಸನ್ ನನಗೆ ಪ್ರಿಯವಾಗಿರುವುದೂ ಅದಕ್ಕೇ.

ಪ್ರಶ್ನೆ: ಹೋಮರ್ ಮತ್ತು ಮಾರ್ಜ್ 1974ರಲ್ಲಿ ಹೈಸ್ಕೂಲಿನಲ್ಲಿದ್ದರು ಎಂದು ಒಂದು ಕಂತು ಹೇಳುತ್ತದೆ. ಇನ್ನೊಂದರಲ್ಲಿ ತೊಂಬತ್ತರ ದಶಕದಲ್ಲಿ ಅವರಿಗಿನ್ನೂ ಮದುವೆಯೇ ಆಗಿಲ್ಲ. ಯಾವುದು ಸರಿ?

ಉತ್ತರ: ಎರಡೂ ಸರಿ. ಬಾರ್ಟ್‌ಗೆ ಯಾವಾಗಲೂ 10, ಲೀಸಾಗೆ 8. ಮಕ್ಕಳ ವಯಸ್ಸು ನಿಂತಲ್ಲೇ ನಿಂತಾಗ ಅಪ್ಪ ಅಮ್ಮನ ಯೌವನ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯಲೇಬೇಕು. 1992ರ ಡಿಸೆಂಬರ್‌ನ ಕಂತೊಂದರಲ್ಲಿ ಲೀಸಾ ಹುಟ್ಟಿದ್ದು 1984ರ ಒಲಿಂಪಿಕ್ಸ್ ಹೊತ್ತಿಗೆ. ಕಂತು ಬಂದ ವರ್ಷಕ್ಕೆ ಲೆಕ್ಕ ಸರಿಯಾಗಿ ಎಂಟೇ ಬರುತ್ತದೆ! 2008ರ ‘ದಟ್ ನೈಂಟೀಸ್ ಶೋ’ ಬರುವ ಹೊತ್ತಿಗೆ ಆ ಲೆಕ್ಕ ನಿಲ್ಲುವುದಿಲ್ಲ, ಆದ್ದರಿಂದ ಹೊಸ ಗತಕಾಲ ಬರೆದರು. ಇದನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸುವುದಿಲ್ಲ.

ನನಗೆ ನೋವಾದದ್ದು 1997ರ ‘ದಿ ಪ್ರಿನ್ಸಿಪಲ್ ಅಂಡ್ ದ ಪಾಪರ್’ ನೋಡಿದಾಗ. ಶಾಲೆಯ ಮುಖ್ಯೋಪಾಧ್ಯಾಯ ಸ್ಕಿನ್ನರ್ ನಿಜವಾದ ಸ್ಕಿನ್ನರ್ ಅಲ್ಲ, ಬೇರೊಬ್ಬನ ಹೆಸರಿನಲ್ಲಿ ಬದುಕಿದವನು ಎಂದು ಅಲ್ಲಿ ಬಯಲಾಗುತ್ತದೆ. ಕೊನೆಯಲ್ಲಿ ನ್ಯಾಯಾಧೀಶರು ಎಲ್ಲವೂ ಮೊದಲಿನಂತೆಯೇ ಇರಲಿ, ಈ ವಿಷಯವನ್ನು ಯಾರೂ ಎತ್ತಬಾರದು ಎಂದು ಆಜ್ಞೆ ಮಾಡುತ್ತಾರೆ. ಇಸವಿ ಬದಲಾದರೆ ಪಾತ್ರಕ್ಕೆ ಏನೂ ಆಗುವುದಿಲ್ಲ. ಎಂಟು ವರ್ಷ ನಂಬಿ ನೋಡಿದ ಮನುಷ್ಯನೇ ಬೇರೆಯವನು ಅಂದರೆ, ತಾಯಿಯೊಂದಿಗೆ ಅವನು ಕಳೆದ ಹಳೆಯ ದೃಶ್ಯಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ.

ಪ್ರಶ್ನೆ: ಎಲ್ಲರಿಗೂ ಕೈಗೆ ನಾಲ್ಕೇ ಬೆರಳು. ದೇವರಿಗೆ ಮಾತ್ರ ಐದು ಕಂಡ ಹಾಗಾಯಿತು. ನನ್ನ ಭ್ರಮೆಯೇ?

ಉತ್ತರ: ಅಲ್ಲ. 1992ರ ‘ಹೋಮರ್ ದ ಹೆರಿಟಿಕ್’ ಕಂತಿನಲ್ಲಿ ದೇವರಿಗೆ ಐದು ಬೆರಳಿವೆ.

ಪ್ರಶ್ನೆ: ಕೆಲವೊಮ್ಮೆ ಮಾತಿಗೂ ತುಟಿಗೂ ಹೊಂದುವುದಿಲ್ಲ. ಇದೂ ಕೊರಿಯಾದಲ್ಲಿ ಆದ ತಪ್ಪೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಧ್ವನಿ ಮೊದಲು ಮುದ್ರಣವಾಗುತ್ತದೆ, ಅದಕ್ಕೆ ತಕ್ಕಂತೆ ತುಟಿ ಬರೆಯುತ್ತಾರೆ. ಬಣ್ಣ ತುಂಬಿದ ಕಂತನ್ನು ನೋಡಿದ ಮೇಲೆ ಬರಹಗಾರರಿಗೆ ಯಾವುದೋ ಸಾಲು ಸಪ್ಪೆ ಅನ್ನಿಸಿದರೆ ಹೊಸ ಸಾಲು ಬರೆದು, ನಟರಿಂದ ಹೇಳಿಸಿ, ಹಳೆಯ ತುಟಿಯ ಮೇಲೆಯೇ ಕೂರಿಸುತ್ತಾರೆ. ಪಾತ್ರ ಬೆನ್ನು ತಿರುಗಿಸಿದಾಗಲೋ ದೃಶ್ಯ ಮನೆಯ ಹೊರಗಿನ ನೋಟಕ್ಕೆ ಹೋದಾಗಲೋ ಒಂದು ಮಾತು ಕೇಳಿಸಿದರೆ ಕಿವಿಗೊಡಿ. ಅಂಥ ಜಾಗದಲ್ಲೇ ಹೊಸ ಸಾಲು ಸೇರಿಸುವುದು ಸುಲಭ.