ಓದುಗರ ಪ್ರಶ್ನೆ, ತಜ್ಞರ ಉತ್ತರ: ಜಿರ್ಕೋನಿಯಂ ತಗಡು

ಪ್ರಶ್ನೆ: ಬಿಸಿ ಹೈಡ್ರೋಕ್ಲೋರಿಕ್ ಆಮ್ಲದ ನಮ್ಮ ಉಕ್ಕಿನ ತೊಟ್ಟಿಗೆ 1 ಮಿ.ಮೀ. ಜಿರ್ಕೋನಿಯಂ ತಗಡಿನ ಒಳಹೊದಿಕೆ ಹಾಕಿಸಬೇಕೆಂದಿದ್ದೇವೆ. ಬಾಳಿಕೆ ಬರುತ್ತದೆಯೇ?
– ಓದುಗರು, ಪೀಣ್ಯ

ಉತ್ತರ: ಬರುತ್ತದೆ. ಆದರೆ ತಗಡು ಕೊಳ್ಳುವ ಮೊದಲು ಆಮ್ಲವನ್ನು ಪರೀಕ್ಷೆ ಮಾಡಿಸಿ. ಗಾಳಿ ತಾಗಿದೊಡನೆ ಈ ಲೋಹದ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಳ್ಳುತ್ತದೆ; ಶುದ್ಧ ಹೈಡ್ರೋಕ್ಲೋರಿಕ್ ಆಮ್ಲ ಕುದಿಯುತ್ತಿದ್ದರೂ ಆ ಪೊರೆ ಜಗ್ಗುವುದಿಲ್ಲ. ಅದನ್ನು ಕೆಡಿಸುವುದು ಆಮ್ಲದೊಳಗಿನ ಕಲ್ಮಶ. ಉಕ್ಕು ತೊಳೆದು ಬಂದ ಹಳೆಯ ಆಮ್ಲದಲ್ಲಿ ಫೆರಿಕ್ ಕ್ಲೋರೈಡ್ ಇದ್ದರೆ ತಗಡಿಗೆ ಗುಳಿ ಬೀಳುತ್ತದೆ. ಫ್ಲೋರೈಡ್ ಇನ್ನೂ ಕೆಟ್ಟದ್ದು, ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಪೊರೆಯನ್ನು ಕರಗಿಸಿಬಿಡುತ್ತದೆ. ಬೇರೆ ಕಾರ್ಖಾನೆಯ ಉಪೋತ್ಪನ್ನವಾಗಿ ಬರುವ ಅಗ್ಗದ ಆಮ್ಲದಲ್ಲಿ ಇದನ್ನು ತಪ್ಪದೆ ನೋಡಿಸಿ.

ಬೇರೆ ಲೋಹವನ್ನು ಬೇಕೆಂದೇ ಬೆರೆಸದ ಜಿರ್ಕೋನಿಯಂ, ಅಂದರೆ ಗ್ರೇಡ್ 702, ಸಾಕು. 1 ಮಿ.ಮೀ. ದಪ್ಪದ ಒಂದು ಚದರ ಮೀಟರ್ ತಗಡು ಸುಮಾರು 6.5 ಕೆ.ಜಿ. ತೂಗುತ್ತದೆ. ಇದನ್ನು ತೊಟ್ಟಿಯ ಉಕ್ಕಿಗೆ ನೇರವಾಗಿ ಬೆಸೆಯಲಾಗದು, ಬೆಸೆದರೆ ಕೂಡಿದ ಜಾಗ ಗಾಜಿನಂತೆ ಒಡೆಯುತ್ತದೆ. ಹೊದಿಕೆಯನ್ನು ಬಿಡಿಯಾಗಿಯೇ ಕೂರಿಸಬೇಕು. ತೊಟ್ಟಿಯೊಳಗೆ ನಿರ್ವಾತ ಉಂಟಾಗುವಂತಿದ್ದರೆ ಬಿಡಿ ಹೊದಿಕೆ ಒಳಕ್ಕೆ ಕುಸಿಯುತ್ತದೆ. ಅಂಥ ಕಡೆ ಬೇಡ.

ಪ್ರಶ್ನೆ: ಆರ್ಗಾನ್ ಬೆಸುಗೆ ಹಾಕಿದರೂ ಗೆರೆ ನೀಲಿಯಾಗಿ, ಕೆಲವೆಡೆ ಬಿಳಿ ಪುಡಿ ಕಟ್ಟುತ್ತದೆ. ಬಗ್ಗಿಸಿದರೆ ಸೀಳುತ್ತದೆ. ಏಕೆ?

ಉತ್ತರ: ಟಾರ್ಚ್ ಮುಂದೆ ಸಾಗಿದ ಮೇಲೂ ಹಿಂದಿನ ಲೋಹ ಕೆಂಪಗೇ ಇರುತ್ತದೆ. ಆಗ ಅದು ಗಾಳಿಯ ಆಕ್ಸಿಜನ್ನನ್ನೂ ನೈಟ್ರೋಜನ್ನನ್ನೂ ಹೀರಿ ಪೆಡಸಾಗುತ್ತದೆ. ಟಾರ್ಚಿನ ಹಿಂದೆ ಆರ್ಗಾನ್ ಹರಿಸುವ ಬಾಲಕವಚ ಕಟ್ಟಿ, ತಗಡಿನ ಅಡಿಬದಿಗೂ ಆರ್ಗಾನ್ ಬಿಡಿ, 99.999% ಶುದ್ಧತೆಯದೇ ಆಗಲಿ. ಅಂಚುಗಳನ್ನು ಈ ಲೋಹಕ್ಕೆಂದೇ ಮೀಸಲಿಟ್ಟ ಹೊಸ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ, ಅಸಿಟೋನಿನಿಂದ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಗೆರೆ ಬೆಳ್ಳಿಯಂತೆ ಹೊಳೆದರೆ ಸರಿ. ಬೂದು ಅಥವಾ ಬಿಳಿ ಕಂಡರೆ ಮೇಲಿಂದ ಮತ್ತೆ ಬೆಸೆಯಬೇಡಿ, ಆ ಭಾಗವನ್ನು ಪೂರ್ತಿ ಕಡಿದು ತೆಗೆಯಿರಿ.

ಬೆಸೆಯದ ತಗಡೇ ಸೀಳುತ್ತಿದ್ದರೆ ಬಗ್ಗಿಸುವ ತ್ರಿಜ್ಯ ನೋಡಿ: 702ಕ್ಕೆ ದಪ್ಪದ ಐದು ಪಟ್ಟು ಬೇಕು. ಅರೆದ ಪುಡಿಯನ್ನೂ ಸಣ್ಣ ಚೂರುಗಳನ್ನೂ ದಿನದಿನವೇ ತೆಗೆಯಿರಿ. ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಅದರಿಂದ ಹೈಡ್ರೋಜನ್ ಹುಟ್ಟುತ್ತದೆ. ಒಣ ಮರಳು ಅಥವಾ ಒಣ ಉಪ್ಪನ್ನು ಕೈಗೆಟುಕುವಲ್ಲೇ ಇಟ್ಟಿರಿ.

ಪ್ರಶ್ನೆ: ಕೈಗಾದಲ್ಲಿ ಬಳಸುವುದೂ ಇದೇ ತಗಡೇ?

ಉತ್ತರ: ಅಲ್ಲ. ಜಿರ್ಕಾನ್ ಮರಳಿನಲ್ಲಿ ಜಿರ್ಕೋನಿಯಂ ಜೊತೆಗೇ ಇರುವ ಹಾಫ್ನಿಯಂ ಅದಕ್ಕಿಂತ 500 ಪಟ್ಟಿಗೂ ಹೆಚ್ಚು ನ್ಯೂಟ್ರಾನ್ ಹೀರುತ್ತದೆ. 702ರಲ್ಲಿ ಅದು 4.5% ವರೆಗೂ ಇರಬಹುದು. ಆಮ್ಲದ ತೊಟ್ಟಿಗೆ ಅದರಿಂದ ಏನೂ ತೊಂದರೆಯಿಲ್ಲ. ರಿಯಾಕ್ಟರಿನಲ್ಲಿ ಮಾತ್ರ ನ್ಯೂಟ್ರಾನ್ ಹೀಗೆ ಪೋಲಾಗಬಾರದು, ಹಾಗಾಗಿ ಅದನ್ನು ಬೇರ್ಪಡಿಸಿ, ಸುಮಾರು 1.5% ತವರ ಬೆರೆಸಿದ ಜಿರ್ಕಲಾಯ್-4 ಮಾಡುತ್ತಾರೆ. ಕೈಗಾದ 19 ಕಡ್ಡಿಗಳ ಇಂಧನ ಕಂತೆಗಳ ಕೊಳವೆಗಳು ಇದರವೇ, ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ತಯಾರಾಗುತ್ತವೆ. ಕಡ್ಡಿಗಳು ಒಂದಕ್ಕೊಂದು ತಾಗದಂತೆ ಕೊಳವೆಗಳ ಮೇಲೆ ಬೆಸೆಯುವ ಪುಟ್ಟ ಬಿಲ್ಲೆಗಳೂ ಇದೇ ಮಿಶ್ರಲೋಹದವು.