ಮಂಗಳೂರಿನ ಮಳೆಗಾಲಕ್ಕೆ ವ್ಯಾನ್ ಗಾಗ್ ಚಿತ್ರದ ಅಕ್ರಿಲಿಕ್ ಪ್ರಿಂಟ್ ತಡೆಯುತ್ತದೆಯೇ?

ತಡೆಯುತ್ತದೆ, ಗಾಜಿನ ಫ್ರೇಮ್ ಹಾಕಿದ ಕಾಗದಕ್ಕಿಂತ ಚೆನ್ನಾಗಿಯೇ. ಫ್ರೇಮಿನೊಳಗೆ ನುಗ್ಗಿದ ತೇವವನ್ನು ಕಾಗದ ಹೀರುತ್ತದೆ, ಬೂಸ್ಟು ಬರುತ್ತದೆ. ಅಕ್ರಿಲಿಕ್‌ನಲ್ಲಿ ಚಿತ್ರ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೇ ಅಂಟಿರುತ್ತದೆ, ನಡುವೆ ಗಾಳಿಗೆ ಜಾಗವಿಲ್ಲ. ಆದರೆ ಆ ಹಿಂಬದಿಯನ್ನು ಕಾಪಾಡಬೇಕು. ನಮ್ಮ ಕೆಂಪುಕಲ್ಲಿನ ಗೋಡೆ ಆಟಿ ತಿಂಗಳಲ್ಲಿ ನೀರು ಕುಡಿದಿರುತ್ತದೆ ಅಲ್ವಾ? ಗೋಡೆಗೆ ತಾಗಿಸಬೇಡಿ. ನಾಲ್ಕು ಮೂಲೆಗೆ ಸ್ಟೀಲ್ ಸ್ಟ್ಯಾಂಡ್‌ಆಫ್ (ಹಾಳೆಯನ್ನು ಗೋಡೆಯಿಂದ ಸ್ವಲ್ಪ ದೂರ ಹಿಡಿಯುವ ಗುಬುಟು) ಹಾಕಿಸಿ, ಹಿಂದೆ ಗಾಳಿ ಆಡಲಿ. ಸುಮ್ನೆ ಮೊಳೆ ಹೊಡೆದರೆ ಸಾಲದು, ಡ್ರಿಲ್ ಮಾಡಿ ಪ್ಲಗ್ ಹಾಕಿ. 2×2.5 ಅಡಿಯ 5 ಮಿ.ಮೀ. ಹಾಳೆಯೇ ಸುಮಾರು 3 ಕೆ.ಜಿ. ಇರುತ್ತದೆ.

ಅಳತೆಯನ್ನೂ ಇದೇ ಇಟ್ಟುಕೊಳ್ಳಿ. ವ್ಯಾನ್ ಗಾಗ್‌ನ 1889ರ ‘ಸ್ಟಾರಿ ನೈಟ್’ ಮೂಲಚಿತ್ರ ಸುಮಾರು 74×92 ಸೆ.ಮೀ. ಅದನ್ನು 2×3 ಅಡಿಗೆ ಹೊಂದಿಸಿದರೆ ಆ ಆಕಾಶವೇ ತುಂಡಾಗುತ್ತದೆ, ನನಗಂತೂ ನೋಡಲಾಗುವುದಿಲ್ಲ. ಒರೆಸಲು ಒದ್ದೆ ಮೆತ್ತನೆ ಬಟ್ಟೆ ಸಾಕು, ಸ್ಪಿರಿಟ್ ತಾಗಿದರೆ ಅಕ್ರಿಲಿಕ್ ಬಿರುಕು ಬಿಡಬಹುದು.